ಹುಡುಗ್ರಿಗೆ ಅಂತ ಶುರು ಮಾಡಿದ ಕಾರ್ಯಕ್ರಮಕ್ಕೆ ಹುಡುಗ್ರೇ ಬರ್ತಿಲ್ಲ, ಏನ್ಮಾಡೋದು?

ಪ್ರಶ್ನೆ: ಮೇಡಂ ನಮಸ್ತೆ. ನಮ್ದು ಶಿರಾ ತಾಲ್ಲೂಕಿನ ಒಂದು ಹಳ್ಳಿ. ನಾವು ನಾಲ್ಕೈದು ಜನ ಫ್ರೆಂಡ್ಸ್ ಸೇರಿ ಪಂಚಾಯ್ತಿ ಅರಿವು ಕೇಂದ್ರದಲ್ಲಿ (ಊರಿನ ಲೈಬ್ರರಿ) ಭಾನುವಾರ ಸಂಜೆ ಆರು ಗಂಟೆಗೆ ಎಂಟನೇ ಕ್ಲಾಸಿಂದ ಪಿಯುಸಿವರೆಗಿನ ಮಕ್ಕಳಿಗೆ ಕಾರ್ಯಕ್ರಮ ಮಾಡ್ತೀವಿ, ವ್ಯಕ್ತಿತ್ವ ವಿಕಸನ, ಮೊಬೈಲ್ ದುಷ್ಪರಿಣಾಮ, ಗುರಿ ಹೇಗಿರ್ಬೇಕು ಈ ಥರ. ಮೊದ್ಲು ಹಾಲ್ ತುಂಬ್ತಿತ್ತು, ಈಗ ದೊಡ್ಡ ಹುಡುಗ್ರು ಬರೋದೇ ಬಿಟ್ಟಿದಾರೆ, ಹೆಣ್ಮಕ್ಕಳನ್ನ ಮನೇಲಿ ಕಳಿಸ್ತಿಲ್ಲ. ಇನ್ನೊಂದು ವಿಷ್ಯ, ಪಿಯುಸಿ ಓದ್ತಿರೋ ಒಬ್ಬ ಹುಡುಗಿ, ಹದಿನೇಳು ವರ್ಷ, ಯುಗಾದಿ ಆದ್ಮೇಲೆ ಮದುವೆ ಅಂತೆ, ಯಾರಿಗೂ ಹೇಳ್ಬೇಡಿ ಅಂತ ನಮ್ ಟೀಮಿನ ಅಕ್ಕನ ಹತ್ರ ಅತ್ತಿದಾಳೆ. ದಾರಿ ತೋರ್ಸಿ.

ಉತ್ತರ: ನೀವು ಕೊನೇಲಿ ಬರ್ದಿರೋದನ್ನೇ ನಾನು ಮೊದ್ಲು ತಗೋತೀನಿ, ಯಾಕಂದ್ರೆ ಅದಕ್ಕೆ ಟೈಮಿಲ್ಲ.

ಆ ಹುಡುಗಿ ಯಾರಿಗೂ ಹೇಳ್ಬೇಡಿ ಅಂದಿದಾಳೆ ನಿಜ, ಆದ್ರೆ ಮದುವೆ ಬೇಡ ಅಂತಿಲ್ದೆ ಇದ್ರೆ ಅವ್ಳು ಬಂದು ಅಳ್ತಾನೇ ಇರ್ಲಿಲ್ಲ. ಆ ಅಕ್ಕನೇ ಅವ್ಳ ಜೊತೆ ಕೂತು, ನಿನ್ ವಿಷ್ಯ ಊರಲ್ಲಿ ಯಾರಿಗೂ ಗೊತ್ತಾಗಲ್ಲ, ಆದ್ರೆ ನಿಲ್ಸೋ ಅಧಿಕಾರ ಇರೋರಿಗೆ ನಾನು ಹೇಳ್ಲೇಬೇಕು ಅಂತ ನೇರವಾಗಿ ಹೇಳ್ಲಿ, ಅವ್ಳ ಬೆನ್ನ ಹಿಂದೆ ಮಾಡೋದು ಬೇಡ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಮಾಡಿದೋರ ಹೆಸರು ಗುಟ್ಟಾಗೇ ಇಡ್ತಾರೆ. ತಾಲ್ಲೂಕಿನ ಸಿಡಿಪಿಒಗೂ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ತಿಳಿಸ್ಬಹುದು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಕೋರ್ಟಿಂದ ಮುಂಚೇನೇ ತಡೆಯಾಜ್ಞೆ ತರ್ಬಹುದು, ಅದಕ್ಕೇ ಲಗ್ನಪತ್ರಿಕೆ ಪ್ರಿಂಟ್ ಆಗೋ ತನಕ ಕಾಯ್ಬೇಡಿ. ನೀವೇ ಗುಂಪು ಕಟ್ಕೊಂಡು ಅವ್ರ ಮನೆಗೆ ಹೋಗಿ ಜಗಳ ಆಡೋದಂತೂ ಬೇಡ್ವೇ ಬೇಡ, ಆ ಕೋಪ ಎಲ್ಲಾ ರಾತ್ರಿ ಆ ಹುಡುಗಿ ಮೇಲೇ ಬೀಳತ್ತೆ. ಮದುವೆ ನಿಂತ್ ಮೇಲೂ ಅವ್ಳು ಕಾಲೇಜಿಗೆ ಹೋಗ್ತಿದಾಳಾ ಅಂತ ಆ ಅಕ್ಕ ವಾರಕ್ಕೊಂದ್ಸಲ ವಿಚಾರಿಸ್ತಾನೇ ಇರ್ಲಿ, ಎಷ್ಟೋ ಕಡೆ ಒಂದ್ಸಲ ನಿಂತ ಮದುವೆ ಬೇರೆ ಊರಲ್ಲಿ ನಡೆದೋಗತ್ತೆ.

ಇದೇ ಥರ ಯಾವ್ದಾದ್ರೂ ಮಗು ಲೈಂಗಿಕ ದೌರ್ಜನ್ಯದ ವಿಷ್ಯ ಹೇಳಿದ್ರೆ, ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದೋರು ಪೊಲೀಸರಿಗೆ ತಿಳಿಸ್ಲೇಬೇಕು. ಹಾಗಾಗಿ ಯಾವ ಮಗೂಗೂ "ಏನೇ ಹೇಳು, ಯಾರಿಗೂ ಹೇಳಲ್ಲ" ಅಂತ ಮಾತು ಕೊಡ್ಬೇಡಿ.

ಈಗ ಹುಡುಗ್ರ ವಿಷ್ಯ. ನೀವು ಬರ್ದಿರೋ ಪಟ್ಟಿ ನೋಡಿದ್ರೆ ಎಲ್ಲಾ ಭಾಷಣನೇ. ವಾರವಿಡೀ ಸ್ಕೂಲಲ್ಲಿ ಕೇಳಿ ಮನೇಲೂ ಕೇಳಿ ಭಾನುವಾರಾನೂ ಮೊಬೈಲ್ ಮುಟ್ಬೇಡ ಅಂತ ಕೇಳೋಕೆ ಹದಿನಾರು ವರ್ಷದ ಹುಡುಗ ಯಾಕ್ರೀ ಬರ್ತಾನೆ? ಈ ವಯಸ್ಸಲ್ಲಿ ಅವ್ರಿಗೆ ಬೇಕಿರೋದು ತಮ್ಮನ್ನ ನಂಬಿ ಕೊಟ್ಟಿರೋ ಒಂದು ಕೆಲ್ಸ. ಅರಿವು ಕೇಂದ್ರದ ಬೀಗದ ಕೈ ಭಾನುವಾರಕ್ಕೆ ಅವ್ರ ಕೈಲೇ ಇರ್ಲಿ (ಗ್ರಂಥಪಾಲಕರ ಹತ್ರ ಮಾತಾಡ್ಕೊಂಡು), ವಾಲಿಬಾಲ್ ನೆಟ್ಟು, ಕೇರಂ ಬೋರ್ಡು, ಚಂದಾ ಪುಸ್ತಕ ಅವ್ರೇ ನೋಡ್ಕೊಳ್ಳಿ, ತಪ್ಪು ಲೆಕ್ಕ ಬರೆದ್ರೆ ಬರೀಲಿ, ತಿದ್ಕೋತಾರೆ.

ಇದಕ್ಕಿಂತ ದೊಡ್ಡದು ಬೇಕು ಅಂದ್ರೆ ಮಕ್ಕಳ ಗ್ರಾಮಸಭೆ ಇದೆಯಲ್ಲ. ಪಂಚಾಯ್ತಿ ಇದನ್ನ ವರ್ಷಕ್ಕೊಂದ್ಸಲ ಮಾಡ್ಬೇಕು, ಬಹಳ ಕಡೆ ಮಕ್ಕಳಿಗೆ ಬಿಸ್ಕತ್ ಕೊಟ್ಟು ಫೋಟೋ ತೆಗೆದು ಕಳಿಸಿಬಿಡ್ತಾರೆ, ಅದು ನಂಗೆ ತುಂಬಾ ಬೇಜಾರು. ನಿಮ್ ಹುಡುಗ್ರು ಎರಡು ತಿಂಗ್ಳು ಮುಂಚೇನೇ ನೋಟ್‌ಬುಕ್ ಹಿಡ್ಕೊಂಡು ಕೇರಿ ಕೇರಿ ಸುತ್ಲಿ, ಯಾವ ಕಂಬದಲ್ಲಿ ಲೈಟಿಲ್ಲ, ಶಾಲೆ ಶೌಚಾಲಯದಲ್ಲಿ ನೀರು ಬರ್ತಿದ್ಯಾ, ಕಾಲೇಜ್ ಟೈಮಿಗೆ ಬಸ್ಸಿದ್ಯಾ ಅಂತ ಬರ್ಕೊಂಡು ಸಭೇಲಿ ಓದಿ, ಕಾಪಿ ಮೇಲೆ ಪಿಡಿಒ ಹತ್ರ ಸೀಲ್ ಹಾಕಿಸ್ಕೊಳ್ಳಿ. ಒಂದೇ ಒಂದು ಬಲ್ಬು ಬಂದ್ರೂ ಸಾಕು, ಮುಂದಿನ ವಾರ ನೀವು ಕರೀದೇನೇ ಬರ್ತಾರೆ.

ಹೆಣ್ಮಕ್ಕಳಿಗೆ ಸಂಜೆ ಆರು ಗಂಟೆ ಅಂದ್ರೆ ಹೇಗ್ರೀ ಕಳಿಸ್ತಾರೆ, ವಾಪಸ್ ಹೋಗೋವಾಗ ಕತ್ತಲಾಗತ್ತೆ. ಮಧ್ಯಾಹ್ನ ಮೂರಕ್ಕೆ ಇಡಿ, ಹೆಣ್ಮಕ್ಕಳ ಗುಂಪಿಗೆ ಇಬ್ರು ಹೆಂಗಸ್ರು ಇರ್ಲೇಬೇಕು, ಆಶಾ ಕಾರ್ಯಕರ್ತೆಯನ್ನೇ ಕೇಳಿ ನೋಡಿ, ಅವ್ರ ಮಾತಿಗೆ ತಾಯಂದ್ರು ಕಳಿಸ್ತಾರೆ. ಮುಟ್ಟು, ರಕ್ತಹೀನತೆ ಬಗ್ಗೆ ಕೇಳೋಕೆ ಸರ್ಕಾರಿ ಆಸ್ಪತ್ರೇಲಿ ಸ್ನೇಹ ಕ್ಲಿನಿಕ್ ಇರತ್ತೆ, 10ರಿಂದ 19 ವರ್ಷದೋರಿಗೆ ಅಂತಾನೇ ಮಾಡಿರೋದು, ಗಂಡುಮಕ್ಕಳೂ ಹೋಗ್ಬಹುದು.

ಯಾವ್ದಾದ್ರೂ ಹುಡುಗ ಊಟ ನಿದ್ದೆ ಬಿಟ್ಟು ಒಬ್ನೇ ಇರ್ತಾನೆ, ಬದುಕೋದೇ ಬೇಡ ಅಂತಾನೆ ಅಂದ್ರೆ ಬುದ್ಧಿ ಹೇಳೋಕೆ ಹೋಗ್ಬೇಡಿ, ಪಕ್ಕದಲ್ಲಿ ಕೂತು ಕೇಳಿಸ್ಕೊಳ್ಳಿ, ಒಬ್ನೇ ಬಿಡ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವ್ನ ಜೊತೇಲೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನಿಮ್ಹಾನ್ಸ್ ಜೊತೆ ಸೇರಿ ನಡೆಸೋ, ಯುವಜನರಿಗೆ ಆಪ್ತಸಲಹೆ ಕೊಡೋ ಯುವ ಸ್ಪಂದನ ಕೇಂದ್ರದೋರನ್ನೂ ತುಮಕೂರಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೇಲಿ ವಿಚಾರಿಸಿ, ನಿಮ್ ಟೀಮಿಗೂ ಒಂದು ದಿನ ಟ್ರೈನಿಂಗ್ ಕೊಡ್ತೀರಾ ಅಂತ ಕೇಳಿ. ಆದ್ರೆ ಈ ಭಾನುವಾರದೊಳಗೆ ಆ ಹುಡುಗಿ ವಿಷ್ಯಕ್ಕೆ 1098ಕ್ಕೆ ಫೋನ್ ಹೋಗಿರ್ಬೇಕು.