ಎಲೆಕ್ಟ್ರಿಕ್ ಕಾರುಗಳ ಸಾಫ್ಟ್‌ವೇರ್ ಯಾಕೆ ಇಷ್ಟು ಕಾಡುತ್ತದೆ?

ಮೋಟಾರು, ಬ್ಯಾಟರಿ ಎಲ್ಲ ಚೆನ್ನಾಗಿದ್ದರೂ ಸಾಫ್ಟ್‌ವೇರ್ ಮಾತ್ರ ಯಾಕೆ ಹೀಗೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಮುಖ್ಯ ಕಾರಣ, ಎಲ್ಲವನ್ನೂ ಒಂದೇ ಸ್ಕ್ರೀನಿಗೆ ತುರುಕಿರುವುದು. ಬಟನ್ ತೆಗೆದರೆ ಬಿಡಿಭಾಗದ ಖರ್ಚು, ವೈರಿಂಗ್ ಖರ್ಚು ಉಳಿಯುತ್ತದೆ, ಬಾಕಿ ಕೆಲಸವನ್ನು ಆಮೇಲೆ ಅಪ್‌ಡೇಟ್‌ನಲ್ಲಿ ಮುಗಿಸಿದರಾಯಿತು ಅನ್ನುವ ಧೈರ್ಯ ಬೇರೆ. ಹಾಗಾಗಿ ಅರೆಬೆಂದ ಸಾಫ್ಟ್‌ವೇರ್ ನಮ್ಮ ಕೈಗೆ ಬರುತ್ತದೆ.

ಇದು ಸುಮ್ನೆ ಕಿರಿಕಿರಿಯ ಮಾತಲ್ಲ. 2022ರಲ್ಲಿ ಸ್ವೀಡನ್ನಿನ ಒಂದು ಕಾರು ಪತ್ರಿಕೆ ಗಂಟೆಗೆ 110 ಕಿ.ಮೀ. ವೇಗದಲ್ಲಿ ಒಂದು ಪರೀಕ್ಷೆ ಮಾಡಿತು. ರೇಡಿಯೋ, ಹೀಟರ್‌ನಂಥ ನಾಲ್ಕು ಕೆಲಸಗಳಿಗೆ, ಬಟನ್‌ಗಳಿದ್ದ 2005ರ ವೋಲ್ವೋ ವಿ70 ಕಾರಿನಲ್ಲಿ 10 ಸೆಕೆಂಡ್ ಸಾಕಾಯಿತು. ಎಂಜಿ ಮಾರ್ವೆಲ್ ಆರ್ ಎಂಬ ಎಲೆಕ್ಟ್ರಿಕ್ ಕಾರಿನಲ್ಲಿ ಸುಮಾರು 45 ಸೆಕೆಂಡ್! ಅಷ್ಟರಲ್ಲಿ ಕಾರು ಒಂದು ಕಿಲೋಮೀಟರಿಗಿಂತ ಜಾಸ್ತಿ ಓಡಿರುತ್ತದೆ, ಅದೂ ಚಾಲಕರ ಕಣ್ಣು ಮತ್ತೆ ಮತ್ತೆ ಸ್ಕ್ರೀನ್ ಕಡೆ ಹೋಗುತ್ತಿರುವಾಗ. ಭಯ ಆಗಲ್ವಾ?

ಇನ್ನು ಬಾಳಿಕೆ. 2021ರಲ್ಲಿ ಟೆಸ್ಲಾ ಅಮೆರಿಕದಲ್ಲಿ ಸುಮಾರು 1.35 ಲಕ್ಷ ಕಾರುಗಳನ್ನು ರೀಕಾಲ್ ಮಾಡಬೇಕಾಯಿತು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಸಬೇಕಾಯಿತು. ಸಾಫ್ಟ್‌ವೇರ್ ಬಿಡದೆ ಮಾಹಿತಿ ಬರೆದೂ ಬರೆದೂ 8 ಜಿಬಿ ಮೆಮೊರಿ ಚಿಪ್ ಸವೆಯುತ್ತಿತ್ತು, ಅದು ಹೋದರೆ ಸ್ಕ್ರೀನ್ ಜೊತೆಗೆ ಹಿಂಬದಿ ಕ್ಯಾಮೆರಾ, ಗಾಜಿನ ಮಂಜು ತೆಗೆಯುವ ವ್ಯವಸ್ಥೆಯೂ ಕೈಕೊಡುತ್ತಿತ್ತು.

ಒಂದು ಒಳ್ಳೆಯ ಬದಲಾವಣೆ ಇದೆ. ಇಂಡಿಕೇಟರ್, ಹಾರ್ನ್, ವೈಪರ್‌ಗಳಿಗೆ ನಿಜವಾದ ಬಟನ್ ಅಥವಾ ಲಿವರ್ ಇಲ್ಲದಿದ್ದರೆ, ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಯೂರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ 2026ರಿಂದ ಅಂಕ ಕಡಿಮೆ ಮಾಡುತ್ತದೆ. ನೀವೂ ಟೆಸ್ಟ್ ಡ್ರೈವ್‌ನಲ್ಲಿ ಸ್ಕ್ರೀನ್ ನೋಡದೆ ವೈಪರ್, ಎಸಿ ಹಾಕಿ ನೋಡಿ, ಆಗದಿದ್ದರೆ ಆ ಕಾರು ಬೇಡ.