4+4+4+4 ಎಂದರೆ 16 ಜಿಬಿ ಅಲ್ಲ

ಪ್ರಶ್ನೆ: ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ಸೊಸೈಟಿಯಲ್ಲಿ 4 ಹಳೇ ಕಂಪ್ಯೂಟರ್‌ಗಳಿವೆ, ತಲಾ 4 ಜಿಬಿ ರ‍್ಯಾಮ್. ಲ್ಯಾನ್‌ನಲ್ಲಿ ಜೋಡಿಸಿ 16 ಜಿಬಿಯ ಒಂದೇ ಮೆಮೊರಿಯಂತೆ ಬಳಸಬಹುದೇ?

ಮಳೆಗಾಲದ ಉಂಬಳದ ಹಾಗೆ ಈ ಪ್ರಶ್ನೆ ಬಿಟ್ಟೂಬಿಡದೆ ಬರುತ್ತದೆ. ಬಳಸಬಹುದು. ಯೇಲ್ ವಿಶ್ವವಿದ್ಯಾಲಯದಲ್ಲಿ ಕಾಯ್ ಲೀ 1986ರಲ್ಲೇ ತಮ್ಮ ಪಿಎಚ್‌ಡಿಗೆ ಇದನ್ನು ಮಾಡಿ ತೋರಿಸಿದ್ದಾರೆ. ಬೇಕಾದ ಪುಟ (ಮೆಮೊರಿಯ ಒಂದು ತುಂಡು) ತನ್ನಲ್ಲಿ ಇಲ್ಲದಿದ್ದರೆ ಯಂತ್ರ ಪಕ್ಕದವರಿಂದ ತರಿಸಿಕೊಳ್ಳುತ್ತದೆ. ಓದುವುದಕ್ಕೆ ಎಷ್ಟು ಪ್ರತಿಗಳಿದ್ದರೂ ಸರಿ; ಬರೆಯಬೇಕೆಂದರೆ ಉಳಿದವರ ಪ್ರತಿಗಳೆಲ್ಲ ರದ್ದಾಗಬೇಕು. ಪೇಚು ಇರುವುದು ಇಲ್ಲೇ.

ಒಂದು ಯಂತ್ರ ರಾಶಿ ಅಡಿಕೆಯ ಚೀಲ ಎಣಿಸುತ್ತಿದೆ, ಇನ್ನೊಂದು ಬೆಟ್ಟೆಯದನ್ನು ಎನ್ನಿ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಬೇಕಿಲ್ಲ. ಆದರೆ 8 ಬೈಟಿನ ಆ ಎರಡೂ ಎಣಿಕೆ 4096 ಬೈಟಿನ ಒಂದೇ ಪುಟದಲ್ಲಿ ಕೂತಿದ್ದರೆ, ಪ್ರತಿ ಚೀಲಕ್ಕೂ ಇಡೀ ಪುಟ ಅತ್ತಿಂದಿತ್ತ ಓಡಾಡುತ್ತದೆ. ಸ್ವಂತ ರ‍್ಯಾಮ್ ಮುಟ್ಟಲು ಸುಮಾರು 0.1 ಮೈಕ್ರೋಸೆಕೆಂಡ್ ಸಾಕು. ಗಿಗಾಬಿಟ್ ತಂತಿಯ ಮೇಲೆ ಪುಟ ಸಾಗುವುದಕ್ಕೇ 33 ಬೇಕು, ಉಳಿದ ಖಟ್ಲೆ ಬೇರೆ.

90ರ ದಶಕದಲ್ಲಿ ರೈಸ್ ವಿಶ್ವವಿದ್ಯಾಲಯದವರ ಟ್ರೆಡ್‌ಮಾರ್ಕ್ಸ್ ಎಂಬ ಸಾಫ್ಟ್‌ವೇರ್ ಇದಕ್ಕೊಂದು ಉಪಾಯ ಮಾಡಿತು: ಇಬ್ಬರೂ ತಮ್ಮ ಪ್ರತಿಯಲ್ಲೇ ಬರೆದುಕೊಳ್ಳಲಿ, ಲಾಕ್ (ಒಮ್ಮೆಗೆ ಒಬ್ಬರಿಗೇ ಸಿಗುವ ಬೀಗ) ಕೈಬದಲಾದ ಮೇಲೆ ಬದಲಾದ ಬೈಟ್‌ಗಳನ್ನಷ್ಟೇ ತರಿಸಿಕೊಳ್ಳಲಿ. ಜಾಣತನವೇ. ಆದರೆ ಲಾಕ್ ಹಾಕಲು ಮರೆತ ಪ್ರೋಗ್ರಾಮ್ ಹಳೇ ಲೆಕ್ಕವನ್ನೇ ಓದುತ್ತದೆ.

ಇನ್ನು ಆಷಾಢದ ಗಾಳಿಗೆ ಕರೆಂಟ್ ಹೋಗಿ ಒಂದು ಯಂತ್ರ ಆರಿದರೆ ಅದರಲ್ಲಿದ್ದ ಪುಟಗಳೂ ಹೋದವು. ಬೆಳೆಗಾರರ ದುಡ್ಡಿನ ಲೆಕ್ಕವನ್ನು ನಾನಂತೂ ಅಂಥಲ್ಲಿ ಇಡುವುದಿಲ್ಲ. ಅಲ್ಲದೆ ನಾಲ್ಕೂ ಕಡೆ ವಿಂಡೋಸ್ ತನ್ನ ಪಾಲು ತಿಂದ ಮೇಲೆ 16 ಎಲ್ಲಿ ಉಳಿಯಿತು? ಒಂದೇ ಯಂತ್ರಕ್ಕೆ ರ‍್ಯಾಮ್, ಯುಪಿಎಸ್ ಎರಡೂ ಹಾಕಿಸಿ. ಡೇಟಾಬೇಸ್ ಅದರಲ್ಲಿರಲಿ, ಉಳಿದ ಮೂರು ಅದನ್ನು ಕೇಳಿಕೊಂಡು ಕೆಲಸ ಮಾಡಲಿ.

ಪ್ರಶ್ನೆ: ವೈಫೈನಲ್ಲಿ ಜೋಡಿಸಿದರೆ? (ಭದ್ರಾವತಿ)

ಬೇಡ.

ಪ್ರಶ್ನೆ: ರ‍್ಯಾಮ್ ಡಬಲ್ ಮಾಡುವ ಸಾಫ್ಟ್‌ವೇರ್ ಅಂಗಡಿಯವರು ಹಾಕಿಕೊಟ್ಟಿದ್ದಾರೆ. (ಸಾಗರ)

ಸಾಫ್ಟ್‌ವೇರ್‌ನಿಂದ ರ‍್ಯಾಮ್ ಹುಟ್ಟುವುದಿಲ್ಲ. ಡಿಸ್ಕನ್ನು ಮೆಮೊರಿಯಂತೆ ಬಳಸುವ ಸೌಲಭ್ಯ ವಿಂಡೋಸ್‌ನಲ್ಲಿ ಪುಕ್ಕಟೆ ಇದೆ. ದುಡ್ಡು ವಾಪಸ್ ಕೇಳಿ.

ಪ್ರಶ್ನೆ: ಸಿಎಕ್ಸ್‌ಎಲ್ ಬಂದ ಮೇಲೆ ಇದೆಲ್ಲ ಹಳೇ ಮಾತಲ್ಲವೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ)

ಸಿಎಕ್ಸ್‌ಎಲ್ ಎಂದರೆ ಯಂತ್ರಗಳು ಮೆಮೊರಿ ಹಂಚಿಕೊಳ್ಳಲು ಬಳಸುವ ವೇಗದ ಜೋಡಣೆ. ಅದು ಡೇಟಾ ಸೆಂಟರಿನ ರ‍್ಯಾಕ್‌ಗಳ ಮಾತು, ಸೊಸೈಟಿಯ ಲ್ಯಾನ್‌ನದ್ದಲ್ಲ. ಒಂದೇ ಪುಟಕ್ಕಾಗಿ ಎಳೆದಾಡುವ ಜಗಳವೂ ಮುಗಿದಿಲ್ಲ, ಪುಟದಿಂದ 64 ಬೈಟಿನ ಕ್ಯಾಶ್ ಲೈನಿಗೆ (ಪ್ರೊಸೆಸರ್ ಒಮ್ಮೆಗೆ ತರಿಸಿಕೊಳ್ಳುವ ತುಣುಕು) ಇಳಿದಿದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಎರಡು ಥ್ರೆಡ್ (ಒಂದೇ ಪ್ರೋಗ್ರಾಮಿನಲ್ಲಿ ಒಟ್ಟಿಗೇ ಓಡುವ ಕೆಲಸಗಳು) ಬರೆದು, ಎಣಿಕೆಗಳನ್ನು ಒಮ್ಮೆ ಅಕ್ಕಪಕ್ಕ, ಒಮ್ಮೆ ದೂರ ಇಟ್ಟು ಅಳೆದು ನೋಡಿ. ಆಮೇಲೆ ಬರೆಯಿರಿ.