ಚಿಟ್ಟೆಯಾಗಿ ಹಾರದ ಹುಳು

ಮಾನ್ಯರೇ,

ಎಂಟರಿಂದ ಹತ್ತು ವರ್ಷದ ಮಕ್ಕಳಿಗಾಗಿ ನೀವು ಬರೆದು ಕಳುಹಿಸಿದ ಏಳು ಕಥೆಗಳನ್ನು ಎರಡು ಬಾರಿ ಓದಿದೆ. ಮಕ್ಕಳ ಕಥೆ ಮೊದಲು ಕಿವಿಗೆ ಒಪ್ಪಬೇಕಾದ್ದರಿಂದ ಎರಡನೆಯ ಬಾರಿ ಗಟ್ಟಿಯಾಗಿಯೇ ಓದಿದೆ. ಮೊದಲ ಆರು ಕಥೆಗಳನ್ನು ನಾವು ಪ್ರಕಟಿಸಲಾರೆವು. ಏಳನೆಯದಾದ ‘ರಾತ್ರಿ ಮಳೆ’ಯನ್ನು ಕೈಬಿಡಲು ನನಗೆ ಮನಸ್ಸಿಲ್ಲ, ಆದರೆ ಅದರ ಈಗಿನ ಮುಕ್ತಾಯವನ್ನು ಹಾಗೆಯೇ ಅಚ್ಚಿಗೆ ಕೊಡುವುದೂ ಸಾಧ್ಯವಿಲ್ಲ.

ಆ ಆರು ಕಥೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೋಮಾರಿ ಮೊಲ, ಗರ್ವದ ಸಿಂಹ, ಸುಳ್ಳು ಹೇಳುವ ಹುಡುಗ, ಇವರೆಲ್ಲ ತಪ್ಪು ಮಾಡುವುದಕ್ಕೆಂದೇ ಕಥೆಯೊಳಗೆ ಬಂದು ಕೊನೆಯ ಪ್ಯಾರಾದಲ್ಲಿ ತಿದ್ದಿಕೊಂಡು ಹೋಗುತ್ತಾರೆ, ಮತ್ತು ಹಾಗೆ ತಿದ್ದಿಕೊಳ್ಳುತ್ತಾರೆಂಬುದು ಎಂಟು ವರ್ಷದ ಓದುಗನಿಗೆ ಎರಡನೆಯ ಪುಟದಲ್ಲೇ ತಿಳಿದುಹೋಗುತ್ತದೆ. ಮಕ್ಕಳಲ್ಲಿ ಸಂಸ್ಕಾರ ಬಿತ್ತುವುದು ನಿಮ್ಮ ಉದ್ದೇಶವೆಂದು ಪತ್ರದಲ್ಲಿ ಬರೆದಿದ್ದೀರಿ. ಆ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಈ ಆರರಲ್ಲಿ ಒಂದು ಕಡೆಯೂ ಮಗು ಏನು ಕಂಡಿತು, ಏನು ಕೇಳಿಸಿಕೊಂಡಿತು ಎಂದು ನೀವು ವಿಚಾರಿಸಿಲ್ಲ.

ಏಳನೆಯ ಕಥೆಯಲ್ಲಿ ವಿಚಾರಿಸಿದ್ದೀರಿ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರಲ್ಲಿ ರೇಷ್ಮೆ ಹುಳು ಸಾಕುವ ಹುಳು ಮನೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಂಜುಳ, ನಡುರಾತ್ರಿ ಎಚ್ಚರಗೊಂಡು ಮಳೆ ಬಂತೆಂದು ಅಂಗಳಕ್ಕೆ ಓಡಿ, ಒಣಗಲು ಹಾಕಿದ್ದ ರಾಗಿಯನ್ನು ಬಾಚಿಕೊಳ್ಳುತ್ತಾಳೆ. ತಲೆಯೆತ್ತಿದರೆ ಆಕಾಶದ ತುಂಬ ನಕ್ಷತ್ರಗಳು. ಅವಳು ಕೇಳಿದ್ದು ನಾಲ್ಕನೆಯ ಜ್ವರದಿಂದ, ಎಂದರೆ ನಾಲ್ಕನೆಯ ಬಾರಿ ಪೊರೆ ಕಳಚಿ, ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು. ಹುಳು ತನ್ನ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಈ ಕೊನೆಯ ಹಂತದಲ್ಲಿ ತಿನ್ನುತ್ತದೆ ಎಂಬುದನ್ನು ನೀವು ಎಲ್ಲೂ ವಿವರಿಸಿಲ್ಲ, ಆದರೂ ಅದು ಮಗುವಿಗೆ ಕೇಳಿಸುವಂತೆ ಬರೆದಿದ್ದೀರಿ. ‘ಜ್ವರ’ ಎಂಬ ಮಾತನ್ನು ನಿಜವಾದ ಜ್ವರವೆಂದೇ ತಿಳಿದು, ಹುಳುಗಳಿಗೆ ಒದ್ದೆಬಟ್ಟೆ ಹಾಕಬೇಕೇ ಎಂದು ಅವಳು ಅಪ್ಪನನ್ನು ಕೇಳುವ ಜಾಗದಲ್ಲಿ ನಾನು ಹಸ್ತಪ್ರತಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆ ಪ್ರಶ್ನೆಯನ್ನು ಮಗುವೇ ಕೇಳಬೇಕು.

ಅಲ್ಲೇ ಒಂದು ತಪ್ಪೂ ಇದೆ. ಎರಡನೆಯ ಜ್ವರದಲ್ಲಿರುವ ಹುಳುಗಳು ಮಂಜುಳ ಹಾಕಿದ ಸೊಪ್ಪನ್ನು ‘ಗಬಗಬನೆ’ ತಿನ್ನುತ್ತವೆ ಎಂದಿದ್ದೀರಿ. ಪೊರೆ ಕಳಚುವ ಆ ಹೊತ್ತಿನಲ್ಲಿ ಹುಳು ತಲೆಯೆತ್ತಿ ಅಲುಗಾಡದೆ ಇರುತ್ತದೆ, ಏನನ್ನೂ ತಿನ್ನುವುದಿಲ್ಲ. ರೇಷ್ಮೆ ಬೆಳೆಯುವವರ ಮನೆಯ ಮಗುವಿಗೆ ಇದು ಗೊತ್ತಿರುವುದರಿಂದ ಆ ಸಾಲಿನಲ್ಲೇ ನಿಮ್ಮ ಮೇಲಿನ ನಂಬಿಕೆ ಸಡಿಲವಾಗುತ್ತದೆ. ಹಾಕಿದ ಸೊಪ್ಪು ಹಾಗೆಯೇ ಬಾಡಿದ್ದನ್ನು ಮಂಜುಳ ನೋಡಲಿ. ಅವಳ ಒದ್ದೆಬಟ್ಟೆಯ ಚಿಂತೆಗೆ ಆಗ ಕಾರಣವೂ ಸಿಗುತ್ತದೆ.

ಇನ್ನು ಮುಕ್ತಾಯ. ಹಣ್ಣಾದ, ಎಂದರೆ ಮೇವು ಮುಗಿಸಿದ ಹುಳುಗಳು ಗೂಡು ಕಟ್ಟಲೆಂದು ಇಟ್ಟ ಬಿದಿರಿನ ತಟ್ಟೆಯಾದ ಚಂದ್ರಂಕಿ ಏರಿ ಗೂಡು ಕಟ್ಟುತ್ತವೆ, ಅಪ್ಪ ಗೂಡುಗಳನ್ನು ಬಿಡಿಸುತ್ತಾನೆ, ಅಷ್ಟರಲ್ಲಿ ಗೂಡುಗಳೆಲ್ಲ ಒಡೆದು ಬಣ್ಣಬಣ್ಣದ ಚಿಟ್ಟೆಗಳು ಕಿಟಕಿಯಿಂದ ಹಾರಿಹೋಗುತ್ತವೆ, ಮಂಜುಳ ಕೈಬೀಸುತ್ತಾಳೆ. ಇಷ್ಟು ನಿಜವಾದ ಕಥೆಯನ್ನು ಬರೆದ ನೀವು ಇಲ್ಲಿ ಯಾಕೆ ಹೆದರಿದಿರಿ? ಹಿಪ್ಪುನೇರಳೆ ರೇಷ್ಮೆಯ ಪತಂಗ ಮಾಸಲು ಬಿಳುಪು, ರೆಕ್ಕೆಯಿದ್ದರೂ ಅದು ಹಾರಲಾರದು. ಅದು ಹೊರಬಂದ ಗೂಡಿನಿಂದ ಎಳೆ ಒಂದೇ ಸಮನೆ ಬಿಚ್ಚಿಕೊಳ್ಳುವುದಿಲ್ಲ. ಆದ್ದರಿಂದಲೇ ಗೂಡಿನೊಳಗೆ ಪತಂಗವಾಗಲಿರುವ ಕೋಶವನ್ನು ಮೊದಲೇ ಬಿಸಿಯಲ್ಲಿ ಸಾಯಿಸುತ್ತಾರೆ. ನಾನು ಬೆಳೆದದ್ದು ನೂಲು ಬಿಚ್ಚಾಣಿಕೆಯ ಮನೆಗಳಿದ್ದ ಬೀದಿಯಲ್ಲಿ. ಬಿಸಿನೀರಿನಲ್ಲಿ ಬೇಯುವ ಗೂಡಿನ ವಾಸನೆ ಏನೆಂದು ಐದು ವರ್ಷಕ್ಕೇ ತಾಯಿಯನ್ನು ಕೇಳಿದ್ದೆ, ಅವರು ಮುಚ್ಚಿಡದೆ ಹೇಳಿದ್ದರು. ಎರಡು ದಿನ ನನಗೆ ಊಟ ಸೇರಲಿಲ್ಲ ನಿಜ. ಆದರೆ ಅವರು ಅಂದು ಚಿಟ್ಟೆಯ ಕಥೆ ಹೇಳಿದ್ದರೆ, ಅದು ಸುಳ್ಳೆಂದು ತಿಳಿದ ಮೇಲೆ ನಾನು ಅವರನ್ನು ಬೇರೇನನ್ನೂ ಕೇಳುತ್ತಿರಲಿಲ್ಲ.

ಸಾವಿನ ಮಾತು ಮಕ್ಕಳಿಗೆ ಭಾರವಾಗುತ್ತದೆಂದು ನೀವು ಹೇಳಬಹುದು. ನಮ್ಮ ಮಕ್ಕಳು ತಲೆಮಾರುಗಳಿಂದ ಗೋವಿನ ಹಾಡನ್ನು ಕೇಳುತ್ತ ಬಂದಿದ್ದಾರೆ, ಅದರಲ್ಲಿ ಹುಲಿ ಪ್ರಾಣ ಬಿಡುವುದನ್ನು ಯಾರೂ ಅವರಿಂದ ಮರೆಮಾಚಿಲ್ಲ. ಹುಲಿಗಾಗಿ ಅತ್ತು, ಮರುದಿನ ಅದೇ ಹಾಡನ್ನು ಮತ್ತೆ ಹೇಳಿಸಿಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ. ಮಂಜುಳಳ ಅಪ್ಪ ಕ್ರೂರಿಯಲ್ಲ. ಅವಳ ಶಾಲೆಯ ಚೀಲವೂ ಆ ಗೂಡಿನ ದುಡ್ಡಿನಿಂದಲೇ ಬರುತ್ತದೆ, ಇದೂ ಅವಳಿಗೆ ಗೊತ್ತು. ಇವೆರಡನ್ನೂ ಒಟ್ಟಿಗೆ ಹೊತ್ತುಕೊಂಡ ಮಗುವನ್ನು ನೀವು ಬರೆಯಬಲ್ಲಿರಿ ಎಂದು ನಾನು ನಂಬಿದ್ದೇನೆ.

ಭಾಷೆಯ ಬಗ್ಗೆಯೂ ಒಂದು ಮಾತು. ಕಥೆಯಲ್ಲಿ ಅಜ್ಜಿ ‘ಪ್ರಕೃತಿಯ ಲೀಲೆ ಅಪಾರವಾದುದು’ ಎನ್ನುತ್ತಾರೆ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಮಕ್ಕಳ ಓದು ಕನ್ನಡ, ಮನೆಮಾತು ತೆಲುಗು. ಅಜ್ಜಿಯನ್ನು ‘ಅವ್ವ’ ಎಂದು ಕರೆಯುವ ಮನೆಗಳವು. ಆ ಅವ್ವ ಹುಳು ಮನೆಗೆ ಕೈಕಾಲು ತೊಳೆಯದೆ ಬಂದ ಮೊಮ್ಮಗಳನ್ನು ಗದರಿಸುತ್ತಾರೆ, ಅಷ್ಟು ಸಾಕು. ಪಾಠಪುಸ್ತಕದ ಮಾತನ್ನು ಅವರ ಬಾಯಿಂದ ತೆಗೆಯಿರಿ.

ಕಥೆಯನ್ನು ಇನ್ನೊಮ್ಮೆ ಬರೆಯುವಾಗ ಹುಳುಗಳು ಚಂದ್ರಂಕಿ ಏರಿದ ನಂತರದ ರಾತ್ರಿಯನ್ನು ನೆನಪಿಸಿಕೊಳ್ಳಿ. ವಾರದಿಂದ ಸುರಿಯುತ್ತಿದ್ದ ಆ ಮಳೆ ಥಟ್ಟನೆ ನಿಂತಿರುತ್ತದೆ. ಸದ್ದಿಗೆ ಎದ್ದ ಹುಡುಗಿ ಸದ್ದಿಲ್ಲದ್ದಕ್ಕೂ ಏಳಬಹುದಲ್ಲವೇ? ಬೆಳಿಗ್ಗೆ ಅಪ್ಪ ಗೂಡಿನ ಚೀಲಗಳನ್ನು ಮಾರುಕಟ್ಟೆಗೆ ಒಯ್ಯುವ ಮೊದಲು ಅವಳು ಏನು ಕೇಳುತ್ತಾಳೆ, ಅಪ್ಪ ಏನು ಹೇಳುತ್ತಾನೆ ಎಂಬುದನ್ನು ನೀವೇ ನಿರ್ಧರಿಸಿ. ಎರಡು ತಿಂಗಳ ಒಳಗೆ ತಿದ್ದಿದ ಪ್ರತಿ ಕಳುಹಿಸಿದರೆ ನಾನೇ ಓದುತ್ತೇನೆ. ಬೇರೆ ಆರು ಕಥೆಗಳನ್ನು ಇದರ ಜೊತೆ ಹಿಂದಿರುಗಿಸಿದ್ದೇನೆ.

ವಿಶ್ವಾಸದಿಂದ,
ಸಂಪಾದಕ
ಚಿಕ್ಕಬಳ್ಳಾಪುರ